ನಾಲ್ಕು ಕಾಲೂ ಸಮವಿರುವ ಮೇಜು

ನಮ್ಮೂರಿಗೆ ಯಾರಾದರೂ ಬಂದರೆ ಮೊದಲು ಬೆಣೆ, ಆಮೇಲೆ ನೀರು. ಕುರ್ಚಿಯ ಪೂರ್ವದ ಎರಡು ಕಾಲುಗಳ ಕೆಳಗೆ ಒಂದೊಂದು ಮರದ ಬೆಣೆ ತಳ್ಳಿ, ಕುರ್ಚಿಯನ್ನು ಒಮ್ಮೆ ಅಲ್ಲಾಡಿಸಿ ನೋಡಿ, ಅದು ನೆಟ್ಟಗೆ ನಿಂತಿತೆಂದು ಖಾತ್ರಿಯಾದ ಮೇಲೆಯೇ ಬಂದವರನ್ನು ಕೂರಿಸುವುದು ಪದ್ಧತಿ. ಬೆಣೆ ಕೊಡದ ಮನೆ ಎನ್ನುವುದಕ್ಕಿಂತ ಕೆಟ್ಟ ಮಾತು ನಮ್ಮಲ್ಲಿಲ್ಲ. ಅಂಥ ಮನೆಗೆ ಯಾರೂ ಹೆಣ್ಣು ಕೊಡುವುದಿಲ್ಲ. ಹಾಗಾಗಿ ಊರಿನ ಪ್ರತಿಯೊಬ್ಬರ ಕಿಸೆಯಲ್ಲೋ ಸೆರಗಿನ ಗಂಟಿನಲ್ಲೋ ಒಂದಾದರೂ ಬೆಣೆ ಇದ್ದೇ ಇರುತ್ತದೆ. ನಾನು ಭೌತಶಾಸ್ತ್ರದಲ್ಲಿ ಪದವಿ ಮುಗಿಸಿ, ಸರಕಾರಿ ನೌಕರಿ ಹಿಡಿದು ಊರಿಗೆ ಮರಳಿದ ದಿನ ನನ್ನ ಸೋದರತ್ತೆ ನನ್ನ ಅಂಗಿಯ ಕಿಸೆಗೆ ಒಂದು ಹಳೆಯ ಹುಣಸೆ ಬೆಣೆ ಹಾಕಿದ್ದಳು. ನಾಲ್ಕು ವರ್ಷ ಸಪಾಟು ಬಯಲಿನ ಊರಿನಲ್ಲಿ ಇದ್ದುಬಂದವನಿಗೆ ರೂಢಿ ತಪ್ಪಿರುತ್ತದೆ ಎಂದು ಅವಳ ಲೆಕ್ಕ.

ಊರು ರಾಜಧಾನಿಯ ಕಡೆಗೆ ವಾಲಿದೆ. ರಾಜಧಾನಿ ನಮಗೆ ಪೂರ್ವಕ್ಕೆ, ಎರಡು ನೂರು ಮೈಲಿ ದೂರದಲ್ಲಿದೆ. ಅಲ್ಲಿಗೆ ಹೋಗುವ ಬಸ್ಸು ನಮ್ಮ ನಿಲ್ದಾಣದಲ್ಲಿ ಬ್ರೇಕು ಸಡಿಲಿಸಿದರೆ ಸಾಕು. ಅಲ್ಲಿಂದ ಬರುವ ಬಸ್ಸು ದಿನ ಬಿಟ್ಟು ದಿನ ಬರುತ್ತದೆ, ಬಂದ ಮೇಲೆ ಅರ್ಧ ಗಂಟೆ ಹೊಗೆ ಬಿಡುತ್ತ ನಿಂತಿರುತ್ತದೆ. ಸಂತೆಯಲ್ಲಿ ಈರುಳ್ಳಿ, ಬಟಾಟೆ, ನಿಂಬೆಹಣ್ಣು ಮಾರುವವರು ಪೂರ್ವದ ಅಂಚಿಗೆ ಬಲೆ ಕಟ್ಟಿಯೇ ಗೋಣಿ ಬಿಚ್ಚುವುದು. ಪಶ್ಚಿಮಕ್ಕಿರುವ ಪಡುವಲ ಓಣಿಯ ತುದಿಯಲ್ಲಿ ಕೈಬಿಟ್ಟ ಒಂದು ನಿಂಬೆಹಣ್ಣು ಬಸ್ ನಿಲ್ದಾಣ ಮುಟ್ಟಲು ನಾಲ್ಕು ನಿಮಿಷ ನಲವತ್ತು ಸೆಕೆಂಡು ಬೇಕು. ಇದನ್ನು ನಾನೇ ಆರು ಸಲ ಅಳೆದು ಸರಾಸರಿ ತೆಗೆದಿದ್ದೇನೆ. ನಮ್ಮ ಊಟದ ತಟ್ಟೆಗಳಿಗೆ ಒಂದು ಕಡೆಯ ಅಂಚು ಎತ್ತರ. ಸಾರು ಬಡಿಸುವವರು ತಟ್ಟೆಯನ್ನು ತಿರುಗಿಸಿ ನೋಡಿಯೇ ಸೌಟು ಬಗ್ಗಿಸುತ್ತಾರೆ. ಇದ್ಯಾವುದೂ ನಮಗೆ ವಿಶೇಷವೆನಿಸುವುದಿಲ್ಲ. ವಿಶೇಷವೆನಿಸುವುದು ಬೇರೆ ಊರಿನಲ್ಲಿ ತಟ್ಟೆಯ ಅಂಚು ಸುತ್ತಲೂ ಒಂದೇ ಎತ್ತರವಿರುವುದನ್ನು ಕಂಡಾಗ.

ಊರಿನ ಒಂದೇ ಒಂದು ಕೈಗಾರಿಕೆಯೆಂದರೆ ಸಂಕವ್ವನ ಚಪ್ಪಲಿ ಶೆಡ್ಡು. ಅಲ್ಲಿ ಅವಳೂ ಸೇರಿ ಹನ್ನೆರಡು ಹೆಂಗಸರು ಓರೆ ಚಪ್ಪಲಿ ಮಾಡುತ್ತಾರೆ. ಜೋಡಿಯಲ್ಲಿ ಒಂದರ ಅಟ್ಟೆ ಇನ್ನೊಂದಕ್ಕಿಂತ ಒಂದು ಬೆರಳು ದಪ್ಪ. ಉತ್ತರಕ್ಕೆ ಹೋಗುವಾಗ ದಪ್ಪದ್ದು ಬಲಗಾಲಿಗೆ, ದಕ್ಷಿಣಕ್ಕೆ ಬರುವಾಗ ಎಡಗಾಲಿಗೆ. ಅದಕ್ಕೇ ಅವಳ ಚಪ್ಪಲಿಗಳಿಗೆ ಎಡ ಬಲ ಎಂಬ ಆಕಾರವಿಲ್ಲ. ಓಣಿಯ ಪ್ರತಿ ತಿರುವಿನಲ್ಲೂ ಒಂದು ಕಟ್ಟೆಯಿದೆ. ಜನ ಅದರ ಮೇಲೆ ಕೂತು ಚಪ್ಪಲಿ ಬದಲಿಸಿಕೊಂಡು ಮುಂದೆ ಹೋಗುತ್ತಾರೆ. ಊರಿನ ಮದುವೆ ಮಾತುಕತೆ, ಜಗಳ, ರಾಜಿ ಎಲ್ಲ ಆಗುವುದು ಈ ಕಟ್ಟೆಗಳ ಮೇಲೆಯೇ. ಪೂರ್ವ ಪಶ್ಚಿಮದ ಓಣಿಗಳಲ್ಲಿ ಮಾತ್ರ ಚಪ್ಪಲಿ ಕೈಯಲ್ಲಿ ಹಿಡಿದೇ ನಡೆಯಬೇಕು. ಅದಕ್ಕೆ ಸಂಕವ್ವನೂ ಉಪಾಯ ಕಂಡುಹಿಡಿದಿಲ್ಲ.

ಶೆಡ್ಡು ಹಲಗೆಯ ನೆಲದ, ತಗಡಿನ ಚಾವಣಿಯ ಕಟ್ಟಡ. ಅದು ವರ್ಷಕ್ಕೆ ಎರಡು ಮೂರು ಗೇಣು ಪೂರ್ವಕ್ಕೆ ಜಾರುತ್ತದೆ. ಜಾರುವುದು ದೊಡ್ಡ ಮಾತಲ್ಲ, ನಮ್ಮಲ್ಲಿ ಎಲ್ಲವೂ ಜಾರುತ್ತದೆ. ಆದರೆ ಶೆಡ್ಡಿನ ಮುಂದೆ ಎಲ್ಲೆಕಲ್ಲಿದೆ. ಅದರ ಆಚೆ ಪಕ್ಕದ ತಾಲ್ಲೂಕು, ಸರಕಾರಿ ಕಾಗದದಲ್ಲಿ ಅದು 'ಮುಂದುವರಿದ ತಾಲ್ಲೂಕು'. ಎಲ್ಲೆಕಲ್ಲು ದಾಟಿದ್ದೆಲ್ಲ ಆ ತಾಲ್ಲೂಕಿನ ಆಸ್ತಿ. ನಮ್ಮ ಅಂಚೆ ಕಚೇರಿ ದಾಟಿದೆ. ಈಗ ಕಾಗದ ಹಾಕಬೇಕಾದರೆ ಅವರ ಗಡಿ ನಾಕೆಯಲ್ಲಿ ಹೆಸರು ಬರೆಸಿ ಒಳಗೆ ಹೋಗಬೇಕು. ನಮ್ಮ ಎಣ್ಣೆ ಗಾಣ ದಾಟಿದೆ. ಅದು ಆ ತಾಲ್ಲೂಕಿನ ಕೈಗಾರಿಕಾ ಪ್ರಗತಿಯ ಪಟ್ಟಿಯಲ್ಲಿ ಮೂರನೆಯ ಸಾಲಿನಲ್ಲಿದೆ. ಒಂದು ಮಳೆಗಾಲದಲ್ಲಿ ಸಂಕವ್ವ ಶೆಡ್ಡನ್ನು ಹಗ್ಗದಿಂದ ಹುಣಸೆ ಮರಕ್ಕೆ ಕಟ್ಟಿ ನೋಡಿದಳು. ಶೆಡ್ಡಿಗಿಂತ ಮುಂಚೆ ಮರವೇ ದಾಟಿತು. ಹಗ್ಗ ಬಿಚ್ಚಿ ತರುವಷ್ಟರಲ್ಲಿ ಅದರ ಬೊಡ್ಡೆಗೆ ಆ ತಾಲ್ಲೂಕಿನವರು ನಂಬರು ಬರೆದಿದ್ದರು.

ಸರಕಾರಕ್ಕೆ ಇದು ಗೊತ್ತಿಲ್ಲವೆಂದಲ್ಲ. ದೇಶವನ್ನೆಲ್ಲ ಒಂದೇ ಮಟ್ಟಕ್ಕೆ ತರಲು ಓರೆ ಪ್ರದೇಶಗಳ ಕೈಗಾರಿಕಾ ನೀತಿ ಎಂಬುದಿದೆ. ನಮ್ಮೂರಿನವರು ಅದನ್ನು ಚಿಕ್ಕದಾಗಿ 'ಮಟ್ಟ ಹಾಕೋ ನೀತಿ' ಎನ್ನುತ್ತಾರೆ. ಹೀಗೆನ್ನುವುದರಲ್ಲಿ ಅವರಿಗೆ ಯಾವ ಕುಹಕವೂ ಇಲ್ಲ, ಬಾಯಿಗೆ ಸುಲಭ ಅಷ್ಟೆ. ನೀತಿಯ ಪ್ರಕಾರ ಮೂರು ಡಿಗ್ರಿಗಿಂತ ಹೆಚ್ಚು ವಾಲಿರುವ ಊರಿನ ಕೈಗಾರಿಕೆಗೆ ಕಾಂಕ್ರೀಟಿನ ಅಡಿಪಾಯವನ್ನೂ ಆಳುದ್ದದ ಎಂಟು ಬೋಲ್ಟುಗಳನ್ನೂ ರಾಜಧಾನಿಯಿಂದಲೇ ಕಳಿಸಿ ಕೂರಿಸಿಕೊಡುತ್ತಾರೆ. ಆ ಬೋಲ್ಟು ಬಿದ್ದರೆ ಕಟ್ಟಡ ಮತ್ತೆ ಅಲುಗುವುದಿಲ್ಲ. ಅದಕ್ಕೆ ಬೇಕಾದದ್ದು ಒಂದೇ ಒಂದು ಪ್ರಮಾಣಪತ್ರ. ಅದನ್ನು ಕೊಡುವವನು ಮಟ್ಟ ಮಾಪನ ಇಲಾಖೆಯ ಸ್ಥಳೀಯ ಮಾಪಕ, ಅಂದರೆ ನಾನು.

ನನ್ನ ಕೆಲಸ ಕಷ್ಟದ್ದಲ್ಲ. ಪ್ರತಿ ತಿಂಗಳ ಮೊದಲ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಇಲಾಖೆಯ ರಸಮಟ್ಟವನ್ನು ಕಚೇರಿಯ ಮೇಜಿನ ಮೇಲೆ ಪೂರ್ವ ಪಶ್ಚಿಮವಾಗಿ ಇಡಬೇಕು. ಹತ್ತು ನಿಮಿಷ ಬಿಡಬೇಕು. ಅದರ ಗಾಜಿನ ನಳಿಗೆಯೊಳಗಿನ ಗುಳ್ಳೆ ಯಾವ ಗೆರೆಯ ಮೇಲೆ ನಿಂತಿದೆಯೆಂದು ನೋಡಿ ಬರೆಯಬೇಕು. ಹನ್ನೊಂದು ವರ್ಷ, ಒಂದು ತಿಂಗಳೂ ತಪ್ಪಿಸದೆ, ನಾನು ಬರೆದದ್ದು ಸೊನ್ನೆ. ಗುಳ್ಳೆ ಕೂದಲೆಳೆಯಷ್ಟೂ ಆಚೀಚೆಯಾಗದೆ ನಡುಮಧ್ಯದಲ್ಲಿ ನಿಲ್ಲುತ್ತಿತ್ತು. ಹೊರಗೆ ಓಣಿಯಲ್ಲಿ ನಿಂಬೆಹಣ್ಣು ಉರುಳಿ ಹೋಗುತ್ತಿದ್ದವು, ನನ್ನ ಕಾಲಿನಲ್ಲಿ ಸಂಕವ್ವನದೇ ಚಪ್ಪಲಿಯಿತ್ತು. ಆದರೂ ಕಾಲೇಜಿನಲ್ಲಿ ನನಗೆ ಕಲಿಸಿದ್ದು, ಕಾಲಿಗೆ ಅನ್ನಿಸಿದ್ದು ಅನಿಸಿಕೆ, ಉಪಕರಣ ಹೇಳಿದ್ದು ಅಳತೆ ಎಂದು. ಮೇಜಿನ ಮೇಲಿಟ್ಟ ಪೆನ್ಸಿಲು ಇಟ್ಟಲ್ಲೇ ಇರುತ್ತಿತ್ತು, ನೆಲಕ್ಕೆ ಬಿದ್ದ ಪೆನ್ಸಿಲು ಬಾಗಿಲ ತನಕ ಹೋಗುತ್ತಿತ್ತು. ಇದರಿಂದ ನಾನು ತೆಗೆದ ತೀರ್ಮಾನ, ಇಲಾಖೆಯ ಪೆನ್ಸಿಲುಗಳ ಗುಣಮಟ್ಟ ಒಂದೇ ತೆರನಾಗಿಲ್ಲ ಎಂಬುದು. ಈ ಬಗ್ಗೆ ಒಂದು ಟಿಪ್ಪಣಿಯನ್ನೂ ಮೇಲಕ್ಕೆ ಕಳಿಸಿದ್ದೆ.

ಸಂಕವ್ವ ಮೊದಲ ಸಲ ಅರ್ಜಿ ತಂದಾಗ ಎಲ್ಲೆಕಲ್ಲಿಗೆ ಒಂಬತ್ತು ಗೇಣು ಉಳಿದಿತ್ತು. ರಸಮಟ್ಟ ಇಟ್ಟು ತೋರಿಸಿದೆ. ಅವಳು ಗುಳ್ಳೆಯನ್ನೇ ಬಹಳ ಹೊತ್ತು ನೋಡಿ, ಗಾಜಿನೊಳಗ ಇರೂದಕ್ಕ ಹೊರಗಿನ ಸುದ್ದಿ ಹೆಂಗ ತಿಳೀಬೇಕು ಎಂದು ಎದ್ದುಹೋದಳು. ಮರುವರ್ಷ ಬಂದಾಗ ಆರು ಗೇಣು. ಆಗಲೂ ಸೊನ್ನೆ. ಮೂರನೆಯ ಸಲ ಬಂದದ್ದು ಅದರ ಮುಂದಿನ ವರ್ಷದ ಬೇಸಿಗೆಯಲ್ಲಿ. ನಾಲ್ಕು ಗೇಣು ಉಳಿದಿತ್ತು. ಹನ್ನೆರಡು ಜನರಲ್ಲಿ ಒಬ್ಬರಿಗೂ ಬೇರೆ ಕಸುಬು ಗೊತ್ತಿಲ್ಲ, ಬಯಲಿನ ಊರಿನಲ್ಲಿ ಓರೆ ಚಪ್ಪಲಿ ಯಾರಿಗೂ ಬೇಕಿಲ್ಲ, ದಾಟಿದ ಮೇಲೆ ಶೆಡ್ಡಿನ ಬಾಗಿಲು ತೆರೆಯಲು ಆ ತಾಲ್ಲೂಕಿನವರು ಬಿಡುವುದೂ ಇಲ್ಲ. ಇದನ್ನೆಲ್ಲ ಅವಳು ಹೇಳಲಿಲ್ಲ. ನನಗೆ ಗೊತ್ತಿತ್ತು. ನಾನು ರಸಮಟ್ಟವನ್ನು ಮೇಜಿನ ಮೇಲಿಟ್ಟು ಗಡಿಯಾರ ನೋಡುತ್ತ ಕೂತೆ. ಅವಳು ಈ ಸಲ ಗುಳ್ಳೆಯನ್ನು ನೋಡಲಿಲ್ಲ. ಮೇಜಿಗೆ ನೆಲದವರೆಗೂ ಇಳಿಬಿಟ್ಟ ಹಸಿರು ಬಟ್ಟೆಯಿತ್ತು. ಚಪ್ಪಲಿ ಕೊಳ್ಳುವವರ ಕಾಲು ನೋಡುವ ರೂಢಿಯಲ್ಲಿ ಬಗ್ಗಿ, ಆ ಬಟ್ಟೆಯನ್ನು ಎತ್ತಿದಳು.

"ಸಾಹೇಬ್ರ, ಇದು ಕಾಳಪ್ಪನ ಕೈ ಅಲ್ರಿ?"

ನಾನೂ ಬಗ್ಗಿ ನೋಡಿದೆ. ಪಶ್ಚಿಮದ ಎರಡು ಕಾಲುಗಳು ಪೂರ್ವದವಕ್ಕಿಂತ ನಾಲ್ಕು ಬೆರಳು ಗಿಡ್ಡ.

ಕಾಳಪ್ಪ ಬಡಿಗೇರ ನಮ್ಮೂರಿನ ಬಡಗಿ. ಕೇಳಿದ್ದಕ್ಕೆ ಅವನು ಮುಚ್ಚಿಡಲಿಲ್ಲ. ಮೇಜು ರಾಜಧಾನಿಯಿಂದ ಬಂದ ದಿನವೇ ಅದು ಓರೆ ನಿಂತದ್ದನ್ನು ನೋಡಿ ಕಾಲು ಕೊಯ್ದು ಸರಿ ಮಾಡಿದ್ದನಂತೆ. ಊರಿನ ಓರೆ ವರ್ಷವರ್ಷ ಹೆಚ್ಚುವುದರಿಂದ, ಪ್ರತಿ ಜನವರಿ ನಾನು ರಜೆ ಹೋದಾಗ ಬಂದು ಇನ್ನಷ್ಟು ಹೆರೆದು ಹೋಗುತ್ತಿದ್ದನಂತೆ. ಯಾರೂ ಹೇಳಿರಲಿಲ್ಲ, ಕೂಲಿಯನ್ನೂ ಕೇಳಿರಲಿಲ್ಲ. ನನ್ನನ್ನು ಯಾಕೆ ಕೇಳಲಿಲ್ಲ ಎಂದರೆ, "ಓರೆ ಮ್ಯಾಜಿನ ಮ್ಯಾಲ ನೀವು ಬರಕೋತ ಕೂಡೂದು ನನಗ ನೋಡಾಕ ಆಗ್ಲಿಲ್ರಿ" ಎಂದ. ಹನ್ನೊಂದು ವರ್ಷದ ನೂರಾ ಮೂವತ್ತಕ್ಕೂ ಹೆಚ್ಚು ಅಳತೆಗಳಲ್ಲಿ ನಾನು ಊರಿನ ಓರೆಯನ್ನು ಅಳೆದಿರಲೇ ಇಲ್ಲ, ಕಾಳಪ್ಪನ ಉಳಿಯ ನಿಖರತೆಯನ್ನು ಅಳೆದಿದ್ದೆ. ಅದು ಅಸಾಧಾರಣವಾದ ನಿಖರತೆ ಎಂದು ಮಾತ್ರ ಇಲ್ಲಿ ಒಪ್ಪಿಕೊಳ್ಳಬೇಕು.

ಅಂದೇ ರಸಮಟ್ಟವನ್ನು ಕಚೇರಿಯ ನೆಲದ ಮೇಲಿಟ್ಟು ನೋಡಿದೆ. ನಾಲ್ಕು ಡಿಗ್ರಿ, ಹತ್ತು ಮಿನಿಟು. ನಡೆದದ್ದನ್ನೆಲ್ಲ ಬರೆದು, ತಪ್ಪು ನನ್ನದೆಂದು ಸೇರಿಸಿ, ಇಲಾಖೆಗೆ ಕಳಿಸಿದೆ. ಆರು ವಾರದ ಮೇಲೆ ಉತ್ತರ ಬಂತು. ನೆಲದ ಮೇಲಿನ ಅಳತೆಗೆ ಕೈಪಿಡಿಯಲ್ಲಿ ಅವಕಾಶವಿಲ್ಲ. ನಾಲ್ಕು ಕಾಲೂ ಸಮವಿರುವ ಮೇಜನ್ನು ಸ್ಥಳೀಯವಾಗಿ ಮಾಡಿಸಿಡತಕ್ಕದ್ದು. ಸಹನಿರ್ದೇಶಕರು ಖುದ್ದಾಗಿ ಬಂದು ಅದರ ಮೇಲೆ ಅಳೆದು ನಿರ್ಧರಿಸುತ್ತಾರೆ. ಉತ್ತರ ಮುಟ್ಟುವಷ್ಟರಲ್ಲಿ ಒಂದು ಅಡ್ಡ ಮಳೆ ಬಿದ್ದು ಎಲ್ಲೆಕಲ್ಲಿಗೆ ಮೂರೇ ಗೇಣು ಉಳಿದಿತ್ತು.

ನಾಲ್ಕು ಕಾಲೂ ಸಮವಿರುವ ಮೇಜು. ಕಾಳಪ್ಪ ಇದನ್ನು ಎರಡು ಸಲ ನನ್ನಿಂದ ಹೇಳಿಸಿದ. ಅವನ ಅಪ್ಪನೂ ಅಜ್ಜನೂ ಅಂಥದ್ದೊಂದನ್ನು ಮಾಡಿರಲಿಲ್ಲ. ಮೊದಲ ಮೇಜು ಅಳತೆಪಟ್ಟಿಯಲ್ಲಿ ಸರಿಯಾಗಿಯೇ ಇತ್ತು. ಆದರೆ ಕಚೇರಿಗೆ ತಂದಿಟ್ಟು, ಬೆವರು ಒರೆಸಿಕೊಂಡು ತಿರುಗಿ ನೋಡಿದವನ ಕೈ ತಾನಾಗಿ ಗರಗಸಕ್ಕೆ ಹೋಯಿತು. ನಾನು ರಶೀದಿಯಲ್ಲಿ ಸಹಿ ಮಾಡಿ ತಲೆ ಎತ್ತುವಷ್ಟರಲ್ಲಿ ಎರಡು ಕಾಲು ಕೊಯ್ದಾಗಿತ್ತು. ಎರಡನೆಯದನ್ನು ಅವನು ದಾರಿಯಲ್ಲೇ, ಮೂರನೆಯ ಕಟ್ಟೆಯ ಹತ್ತಿರ ಇಳಿಸಿ ಸರಿಮಾಡಿದ. ಓರೆ ಮೇಜು ಹೊತ್ತು ಹೊರಟನೆಂದು ಕಟ್ಟೆಯ ಮೇಲಿದ್ದವರು ಆಡಿಕೊಂಡರಂತೆ. ಮೂರನೆಯದಕ್ಕೆ ನಾನು ಅವನ ಅಂಗಳದಲ್ಲಿ ಎರಡು ದಿನ ಕಾದು ಕೂತೆ. ಕೊನೆಯ ಮೊಳೆ ಬಡಿದ ಕೂಡಲೆ ಉಳಿ, ಗರಗಸ, ಹತ್ತರಿ ಮೂರನ್ನೂ ಚೀಲಕ್ಕೆ ಹಾಕಿಕೊಂಡು ಎದ್ದೆ. ಮಾಡಿದ ವಸ್ತುವಿನ ಅಡಿಯಲ್ಲಿ ತನ್ನ ಹೆಸರು ಕೊರೆಯುವುದು ಕಾಳಪ್ಪನ ವಾಡಿಕೆ. ಇದಕ್ಕೆ ಕೊರೆಯಲಿಲ್ಲ. ಇದರ ಮಾತು ಬಂದರೆ ಯಾವುದೋ ಪರವೂರಿನವನು ಮಾಡಿದ್ದು ಎನ್ನಬೇಕೆಂದು ನನ್ನಿಂದ ಮಾತು ತೆಗೆದುಕೊಂಡ.

ಸಹನಿರ್ದೇಶಕರು ಬರುವ ಹಿಂದಿನ ದಿನ ಶೆಡ್ಡಿನ ಮುಂದೆ ಊರು ಸೇರಿತು. ನಾನು ವಿಷಯವನ್ನು ಆದಷ್ಟು ಸರಳವಾಗಿ ಬಿಡಿಸಿ ಹೇಳಿದೆ. ಬರುವವರಿಗೆ ನಮ್ಮ ಓರೆ ಗೊತ್ತಾಗಬೇಕು. ಗೊತ್ತಾಗಬೇಕಾದರೆ ಅವರು ಓರೆಯಲ್ಲಿ ಕೂಡಬೇಕು, ಓರೆಯಲ್ಲಿ ನಿಲ್ಲಬೇಕು. ಒಂದು ದಿನದ ಮಟ್ಟಿಗೆ ಯಾರೂ ಬೆಣೆ ಕೊಡಕೂಡದು. ಜನ ತಮ್ಮ ಕಿಸೆ, ಸೆರಗಿನ ಗಂಟು ಮುಟ್ಟಿ ನೋಡಿಕೊಂಡರು. ಆಮೇಲೆ ಒಬ್ಬ ಮುದುಕ, ಹಂಗಾದ್ರ ನೀರೂ ಕೊಡೂದು ಬ್ಯಾಡೇನು, ಒಮ್ಮೆಲೆ ಕಲ್ಲು ಹೊಡದು ಕಳಸೂಣೇನು ಎಂದು ಕೇಳಿದ. ಸಂಕವ್ವ ಎದ್ದು ನಿಂತಳು. ಹನ್ನೆರಡು ಮನೆಯ ಒಲೆ ಆ ಎಂಟು ಬೋಲ್ಟಿನ ಮೇಲಿದೆ, ನಾಳೆ ಒಂದು ದಿನ ನಾವು ಕೆಟ್ಟವರಾಗೋಣ, ನಾಡಿದ್ದು ಮತ್ತೆ ಒಳ್ಳೆಯವರಾದರಾಯಿತು ಎಂದಳು. ಎಲ್ಲರೂ ಅವಳ ಕೈಮುಟ್ಟಿ ಮಾತು ಕೊಟ್ಟರು. ಕಾಳಪ್ಪ ಕೊನೆಯಲ್ಲಿ, ಬೇರೆ ಕಡೆ ನೋಡುತ್ತ, ಕೊಟ್ಟ.

ಸಹನಿರ್ದೇಶಕ ಪಾರ್ಶ್ವನಾಥರು ಕೆಟ್ಟ ಮನುಷ್ಯರಾಗಿದ್ದರೆ ಎಲ್ಲ ಸುಸೂತ್ರವಾಗುತ್ತಿತ್ತು. ಬಸ್ಸಿನಿಂದ ಇಳಿದವರು ಅರವತ್ತರ ಹತ್ತಿರದ, ತೆಳ್ಳಗಿನ, ಬಲ ಮೊಣಕಾಲಿಗೆ ಪಟ್ಟಿ ಸುತ್ತಿದ್ದ ಒಬ್ಬ ಸಾಧು ಮನುಷ್ಯರು. ದಾರಿಯಲ್ಲಿ ಸಿಕ್ಕವರಿಗೆಲ್ಲ ಕೈಮುಗಿದರು. ಅಳತೆಗೆ ಮುಂಚೆ ಕೈಗಾರಿಕೆಯನ್ನು ನೋಡಬೇಕು, ಕಾಗದದಲ್ಲಿ ಓದಿ ಓದಿ ಸಾಕಾಗಿದೆ ಎಂದರು. ಹಾಗಾಗಿ ಮೇಜನ್ನು ಶೆಡ್ಡಿಗೇ ಹೊರಿಸಿದೆ. ಬಯಲಿನ ಬೂಟುಗಳಲ್ಲಿ ಅವರು ಓಣಿಯ ಗೋಡೆ ಹಿಡಿದು ಹಿಡಿದು ನಡೆದರು. ಎರಡು ಕಡೆ ಜಾರಿದರು. ಯಾರೂ ಕೈ ಕೊಡಲಿಲ್ಲ. ಕಟ್ಟೆಗಳ ಮೇಲಿದ್ದವರು ನೆಲ ನೋಡುತ್ತ ಕೂತಿದ್ದರು. ನನ್ನ ಸೋದರತ್ತೆಯ ಮನೆಯ ಬಾಗಿಲು ನಾವು ಹತ್ತಿರ ಬಂದಾಗ ಒಳಗಿನಿಂದ ಮುಚ್ಚಿಕೊಂಡಿತು.

ಶೆಡ್ಡಿನಲ್ಲಿ ಅವರಿಗೆ ಬೆಣೆಯಿಲ್ಲದ ಕುರ್ಚಿ ಕೊಟ್ಟೆವು. ಬೆಣೆಯಿಲ್ಲದ ಮೇಜಿನ ಮೇಲೆ ನಾನು ರಸಮಟ್ಟವಿಟ್ಟು, ಸಮಯ ಹನ್ನೊಂದು ಗಂಟೆ ಎರಡು ನಿಮಿಷವೆಂದು ಜೋರಾಗಿ ಹೇಳಿದೆ. ಗುಳ್ಳೆ ಪಶ್ಚಿಮದ ತುದಿಗೆ ಓಡಿ ನಾಲ್ಕರ ಗೆರೆ ದಾಟಿ ನಿಂತಿತು. ಹನ್ನೊಂದು ವರ್ಷದಲ್ಲಿ ಮೇಜಿನ ಮೇಲೆ ಅದು ಅಲ್ಲಿಗೆ ಹೋದದ್ದನ್ನು ನಾನು ನೋಡಿರಲಿಲ್ಲ. ಇನ್ನು ಹತ್ತು ನಿಮಿಷ ಅಷ್ಟೆ. ಹನ್ನೊಂದು ಹೆಂಗಸರು ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದರು. ಬಾಗಿಲಲ್ಲಿ ಕಾಳಪ್ಪ ನಿಂತಿದ್ದ. ಸಂಕವ್ವ ಕಾಫಿ ತಂದಿಟ್ಟಳು, ಸುತ್ತಲೂ ಒಂದೇ ಎತ್ತರದ ಲೋಟದಲ್ಲಿ. ಅದನ್ನು ಅವಳು ಎಲ್ಲಿಂದ ತಂದಳೋ ಗೊತ್ತಿಲ್ಲ. ಕಾಫಿ ಪೂರ್ವದ ಅಂಚಿನಿಂದ ಚೆಲ್ಲಿ ಅವರ ಪಂಚೆಯ ಮೇಲೆ ಬಿತ್ತು. ಪಾರ್ಶ್ವನಾಥರು ಪರವಾಗಿಲ್ಲ, ನಂದೇ ಅವಸರ ಎಂದರು. ಮೂರನೆಯ ನಿಮಿಷದಲ್ಲಿ ಕುರ್ಚಿ ಸ್ವಲ್ಪ ಜಾರಿತು. ಅವರು ನೋವಿನ ಕಾಲನ್ನೇ ಊರಿ ಅದನ್ನು ತಡೆದರು. ಐದನೆಯ ನಿಮಿಷದಲ್ಲಿ ಮತ್ತೆ ಜಾರಿತು. ಅವರ ಹಣೆಯಲ್ಲಿ ಬೆವರು ಮೂಡಿತ್ತು. ಆದರೂ, ಹೆಂಗಸರಿಗೆ ಮುಜುಗರವಾಗದಿರಲೆಂದು ಇರಬೇಕು, ಚಪ್ಪಲಿಯ ಅಟ್ಟೆಗೆ ಯಾವ ಚರ್ಮ ಬಳಸುತ್ತೀರಿ ಎಂದು ವಿಚಾರಿಸಿದರು. ಏಳನೆಯ ನಿಮಿಷದಲ್ಲಿ ಅವರು ಎರಡೂ ಕೈಯಿಂದ ಮೇಜಿನ ಅಂಚು ಹಿಡಿದುಕೊಂಡು ಕಣ್ಣು ಮುಚ್ಚಿದರು.

ಸಂಕವ್ವ ನನ್ನ ಕಡೆ ನೋಡಿದಳು. ನಾನು ಗಡಿಯಾರ ತೋರಿಸಿದೆ, ಇನ್ನು ಮೂರೇ ನಿಮಿಷ ಎಂದು. ಅವಳು ಗಡಿಯಾರ ನೋಡಲಿಲ್ಲ. ಸೆರಗಿನ ಗಂಟು ಬಿಚ್ಚಿ, ನೆಲಕ್ಕೆ ಮೊಣಕಾಲೂರಿ, ಕುರ್ಚಿಯ ಕಾಲಿಗೆ ಬೆಣೆ ತಳ್ಳಿದಳು.

"ಯಜಮಾನ್ರ ಕಾಲು ನೋಯಾಕತ್ತೈತಿ. ನನ್ನ ಕೈಲೆ ಆಗೂದಿಲ್ರಿ ಸಾಹೇಬ್ರ."

ಅದಾದ ಮೇಲೆ ಯಾರ ಕೈಲೂ ಆಗಲಿಲ್ಲ. ಒಬ್ಬಳು ಕುರ್ಚಿಯ ಇನ್ನೊಂದು ಕಾಲಿಗೆ ಬೆಣೆ ಕೊಟ್ಟಳು, ಒಬ್ಬಳು ಲೋಟ ಬದಲಿಸಿದಳು, ಇಬ್ಬರು ಬೂಟು ಬಿಚ್ಚಿಸಿ ಹೊಸ ಓರೆ ಚಪ್ಪಲಿ ಹಾಕಿದರು. ದಪ್ಪದ್ದು ಯಾವ ಕಾಲಿಗೆ ಎಂದು ಅವರಿಗೆ ತಿಳಿಯುವಂತೆ ವಿವರಿಸಿದರು. ಕಾಳಪ್ಪ ಬಾಗಿಲಿನಿಂದ ಬಂದು ಮೇಜನ್ನು ತನ್ನ ಭುಜದಿಂದ ತುಸು ಎತ್ತಿ ಹಿಡಿದ. ಹಿಡಿದನಷ್ಟೆ, ಅವನ ಎರಡು ಕೈಯೂ ಮೇಜಿನ ಮೇಲಿದ್ದವು. ಅದರ ಪೂರ್ವದ ಕಾಲುಗಳ ಕೆಳಗೆ ಬೆಣೆ ಇಟ್ಟವರು ಯಾರೆಂದು ಇಂದಿಗೂ ಯಾರೂ ಬಾಯಿಬಿಟ್ಟಿಲ್ಲ. ಆ ಸಂಜೆ ಮನೆಗೆ ಬಂದು ಅಂಗಿ ಕಳಚುವಾಗ ನನ್ನ ಕಿಸೆಯಲ್ಲಿ ಸೋದರತ್ತೆ ಕೊಟ್ಟ ಬೆಣೆ ಇರಲಿಲ್ಲ. ಹನ್ನೊಂದು ಗಂಟೆ ಹನ್ನೆರಡು ನಿಮಿಷಕ್ಕೆ ಗುಳ್ಳೆ ನಡುಮಧ್ಯದಲ್ಲಿ ನಿಂತಿತ್ತು. ನಾನು ಅಳತೆಯನ್ನು ಓದಿ ಹೇಳಿದೆ. ಸೊನ್ನೆ.

ಪಾರ್ಶ್ವನಾಥರು ಕಾಫಿ ಪೂರ್ತಿ ಕುಡಿದರು. ಮೊದಲು ಏನೋ ಒಂಥರಾ ಆಗ್ತಿತ್ತು, ಬಸ್ಸಿನ ಆಯಾಸ ಇರಬೇಕು, ಈಗ ಎಷ್ಟು ಹಾಯಾಗಿದೆ ನೋಡಿ ಎಂದರು. ಹಿಂದೆ ಹೋಗುವಾಗ ಓರೆ ಚಪ್ಪಲಿಯಲ್ಲೇ, ಗೋಡೆ ಹಿಡಿಯದೆ, ಪ್ರತಿ ಕಟ್ಟೆಯಲ್ಲೂ ಕೂತು ನಾಲ್ಕು ಮಾತಾಡಿಕೊಂಡು ಹೋದರು. ನಾನು ದಾರಿಯುದ್ದಕ್ಕೂ ನಡೆದದ್ದನ್ನು ವಿವರಿಸಲು ನೋಡಿದೆ. ಬೆಣೆ ತೆಗೆದು ಇನ್ನೊಮ್ಮೆ ಅಳೆಯೋಣವೆಂದೆ. ಅವರು ನನ್ನ ಭುಜದ ಮೇಲೆ ಕೈಯಿಟ್ಟು, "ನಾನು ಕಣ್ಣಾರೆ ನೋಡಿದೀನಲ್ಲಪ್ಪ, ಗುಳ್ಳೆ ಮಧ್ಯದಲ್ಲೇ ಇತ್ತು" ಎಂದರು. ಹನ್ನೊಂದು ವರ್ಷ ನಾನು ಸಂಕವ್ವನಿಗೆ ಹೇಳಬಹುದಾಗಿದ್ದ ಮಾತು ಅದೇ. ಹೇಳಿಯೂ ಇದ್ದೆ.

ಅವರ ವರದಿ ಉದ್ದವಾಗಿತ್ತು, ಪ್ರೀತಿಯಿಂದ ಬರೆದದ್ದಾಗಿತ್ತು. ಓರೆ, ಸೊನ್ನೆ. ಜನ, ಸುಖಿಗಳು. ಅವರ ನೆಮ್ಮದಿಗೆ ಕಾರಣ ಬೆಣೆ ಎಂಬ ಒಂದು ಸ್ಥಳೀಯ ಸಾಧನ. ಅದನ್ನು ಸರಕಾರ ಪ್ರೋತ್ಸಾಹಿಸಬೇಕು. ಸರಕಾರ ಪ್ರೋತ್ಸಾಹಿಸಿತು. ಆರು ತಿಂಗಳಲ್ಲಿ ಒಂದು ಬೆಣೆ ಕಾರ್ಖಾನೆ ಶುರುವಾಯಿತು. ನೆಲ ಸಮವಾಗಿರುವುದರಿಂದ, ವಿದ್ಯುತ್ತೂ ರೈಲೂ ಇರುವುದರಿಂದ, ಅದನ್ನು ರಾಜಧಾನಿಯಲ್ಲೇ ಕಟ್ಟಿದರು. ನಮ್ಮ ಪಾಲಿಗೆ ಮನೆಗೊಂದು ಬೆಣೆ ಉಚಿತವೆಂದು ಸುತ್ತೋಲೆ ಬಂತು. ಅಷ್ಟರಲ್ಲಿ ಮಳೆಗಾಲ ಒಂದು ಕಳೆದಿತ್ತು. ಎಲ್ಲೆಕಲ್ಲಿಗೂ ಶೆಡ್ಡಿಗೂ ನಡುವೆ ಒಂದು ಗೇಣು ಉಳಿದಿತ್ತು. ಪಕ್ಕದ ತಾಲ್ಲೂಕಿನ ಗುಮಾಸ್ತನೊಬ್ಬ ಬಣ್ಣದ ಡಬ್ಬಿ ಕುಂಚ ಹಿಡಿದು ವಾರಕ್ಕೊಮ್ಮೆ ಬಂದು ನೋಡಿಕೊಂಡು ಹೋಗುತ್ತಿದ್ದ. ಸಂಕವ್ವ ಅವನಿಗೂ ಕುರ್ಚಿ ಹಾಕಿ ಬೆಣೆ ಕೊಡುತ್ತಿದ್ದಳು.

ಬೆಣೆಗಳು ಎರಡು ಲಾರಿಯಲ್ಲಿ ಬಂದವು, ಒಟ್ಟು ಸಾವಿರದ ಎಂಟುನೂರ ಅರವತ್ತು. ಒಂದೊಂದರ ಮೇಲೂ ಇಲಾಖೆಯ ಮುದ್ರೆ. ಮರ ನಮ್ಮ ಕಡೆಯ ಹುಣಸೆಯೇ. ಕೆಲವದರ ಮೂಲೆಯಲ್ಲಿ ಹಳೆಯ ನಂಬರಿನ ಬಣ್ಣ ಇನ್ನೂ ಅಂಟಿಕೊಂಡಿತ್ತು. ಕಾಳಪ್ಪ ಒಂದನ್ನು ತೆಗೆದು ಹಿಂದೆ ಮುಂದೆ ತಿರುಗಿಸಿದ, ಮೂಗಿನ ಮುಂದೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದ.

"ಇದರ ಚೂಪು ಎಲ್ಲೈತ್ರಿ?"

ಚೂಪು ಇರಲಿಲ್ಲ. ನಾನು ಜೊತೆಗೆ ಬಂದಿದ್ದ ಕಾಗದ ಓದಿದೆ. ಬೆಣೆಯ ಓರೆಯನ್ನು ಊರಿನ ಓರೆಗೆ ತಕ್ಕಂತೆ ಯಂತ್ರದಲ್ಲಿ ಕರಾರುವಾಕ್ಕಾಗಿ ಕೊಯ್ಯಲಾಗಿದೆ ಎಂದಿತ್ತು. ನಮ್ಮೂರಿನ ಓರೆ ಸೊನ್ನೆ. ಸೊನ್ನೆ ಡಿಗ್ರಿಯ ಬೆಣೆಯೆಂದರೆ ಎರಡು ಬೆರಳು ದಪ್ಪದ, ಎಲ್ಲ ಕಡೆಯೂ ಸಮನಾದ ಒಂದು ಹಲಗೆ ತುಂಡು. ಲೆಕ್ಕದಲ್ಲಿ ಯಾವ ತಪ್ಪೂ ಇರಲಿಲ್ಲ. ಜನ ಅದನ್ನು ಕುರ್ಚಿಯ ಕೆಳಗಿಟ್ಟು ನೋಡಿದರು. ಕುರ್ಚಿ ಎರಡು ಬೆರಳು ಎತ್ತರವಾಗಿ, ಮೊದಲಿನಷ್ಟೇ ಓರೆಯಾಗಿ ನಿಂತಿತು. ಕೆಲವರು ಒಲೆಗೆ ಹಾಕಲು ಒಯ್ದರು.

ಸಂಕವ್ವ ಮಾತ್ರ ಲಾರಿಯ ಪಕ್ಕದಲ್ಲೇ ಕೂತು, ಒಂದರ ಮೇಲೊಂದು ಹನ್ನೆರಡು ಪೇರಿಸಿ, ಅಂಗೈಯಿಂದ ತಳ್ಳಿ ನೋಡಿದಳು. ಪೇರಿಕೆ ಅಲುಗಲಿಲ್ಲ. ಅವಳು ಅಟ್ಟೆಗೆ ಅಟ್ಟೆ ಅಂಟಿಸಿ ಬದುಕಿದವಳು. ಶೆಡ್ಡಿನ ಪೂರ್ವದ ಅಂಚಿನ ಕಡೆ ನೋಡಿ, ಇದೂ ಒಂದು ಕಾಲೇ ಅಲ್ಲೇನು ಎಂದಳು. ಆ ಮಧ್ಯಾಹ್ನವೇ ಒಬ್ಬೊಬ್ಬರಾಗಿ ತಮ್ಮ ಪಾಲಿನ ಬೆಣೆ ತಂದುಕೊಟ್ಟರು, ಒಲೆಗೆ ಒಯ್ದವರೂ ತಂದರು. ಕಾಳಪ್ಪ ತೊಲೆಗಳನ್ನು ಕೊಟ್ಟು ಪೂರ್ವದ ಅಂಚನ್ನು ಒಂದೊಂದೇ ಗೇಣು ಎತ್ತಿಸಿದ. ನಾನು ಒಳಗೆ ನೆಲದ ಮೇಲೆ ರಸಮಟ್ಟವಿಟ್ಟುಕೊಂಡು ಬೋರಲಾಗಿ ಮಲಗಿ, ಇನ್ನೊಂದು, ಇನ್ನೊಂದು, ಸಾಕು, ಒಂದು ತೆಗೀರಿ ಎಂದು ಕೂಗುತ್ತಿದ್ದೆ. ಮೂರು ದಿನ ಹಿಡಿಯಿತು. ನಾಲ್ಕನೆಯ ದಿನ ಬಂದ ಗುಮಾಸ್ತ ಎಲ್ಲೆಕಲ್ಲಿನ ಹತ್ತಿರ ಗೇಣು ಹಾಕಿ ನೋಡಿದ. ಅಷ್ಟೇ ಇತ್ತು. ಮರುವಾರವೂ ಅಷ್ಟೇ ಇತ್ತು. ಜೋರು ಮಳೆ ಬಿದ್ದ ವಾರವೂ ಅಷ್ಟೇ. ಆಮೇಲೆ ಅವನು ಬಣ್ಣದ ಡಬ್ಬಿ ತರುವುದನ್ನು ಬಿಟ್ಟ. ಈಗಲೂ ಬರುತ್ತಾನೆ, ಕಾಫಿ ಕುಡಿದು ಹೋಗುತ್ತಾನೆ.

ಶೆಡ್ಡು ನೆಟ್ಟಗಾದ ಮುಂದಿನ ತಿಂಗಳ ಮೊದಲ ಸೋಮವಾರ ಬೆಳಿಗ್ಗೆ ಕಚೇರಿಯ ನೆಲ ಅಳೆದು, ಹತ್ತಕ್ಕೆ ಶೆಡ್ಡಿಗೆ ಹೋದೆ. ನಾಲ್ಕು ಕಾಲೂ ಸಮವಿರುವ ಮೇಜು ಆ ಭೇಟಿಯ ನಂತರ ಅಲ್ಲೇ ಉಳಿದಿತ್ತು. ಬೆಣೆಯಿಲ್ಲದೆ ಅದು ನೆಟ್ಟಗೆ ನಿಲ್ಲುವ ಜಾಗ ಊರಿನಲ್ಲಿ ಈಗ ಅದೊಂದೇ. ನಾನು ಹೋದಾಗ ಕಾಳಪ್ಪ ಅದರ ಅಡಿಯಲ್ಲಿ ಅಂಗಾತ ಮಲಗಿ ತನ್ನ ಹೆಸರು ಕೊರೆಯುತ್ತಿದ್ದ. ಅವನು ಮುಗಿಸುವವರೆಗೆ ಕಾದು, ರಸಮಟ್ಟವಿಟ್ಟು, ಹತ್ತು ನಿಮಿಷ ಬಿಟ್ಟು, ದಾಖಲೆ ಪುಸ್ತಕ ತೆರೆದೆ. ಏನ್ ಬರೀತೀರಿ ಎಂದು ಸಂಕವ್ವ ಕೇಳಿದಳು. ಬರೆದದ್ದನ್ನು ಓದಿ ಹೇಳಿದೆ. ಕಚೇರಿಯ ನೆಲ, ನಾಲ್ಕು ಡಿಗ್ರಿ ಇಪ್ಪತ್ತೈದು ಮಿನಿಟು. ಚಪ್ಪಲಿ ಶೆಡ್ಡು, ಸೊನ್ನೆ, ಊರವರು ಮಾಡಿದ್ದು. ಇಂಥ ವಿವರಕ್ಕೆ ಪುಸ್ತಕದಲ್ಲಿ ಜಾಗವಿಲ್ಲ. ಅಂಚಿನಲ್ಲಿ ಸಣ್ಣಕ್ಷರದಲ್ಲಿ ಬರೆದಿದ್ದೆ.

ಅವಳು ನನ್ನನ್ನೇ ನೋಡುತ್ತಿದ್ದಳು. ಉಳಿದ ಹೆಂಗಸರೂ ಕೆಲಸ ನಿಲ್ಲಿಸಿ ನೋಡುತ್ತಿದ್ದರು, ಒಬ್ಬಿಬ್ಬರು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಅವರೆಲ್ಲ ಬರಿಗಾಲಲ್ಲಿದ್ದರು. ಬಾಗಿಲ ಹೊರಗೆ ಹನ್ನೆರಡು ಜೋಡಿ ಓರೆ ಚಪ್ಪಲಿಗಳು ಸಾಲಾಗಿದ್ದವು. ನಾನು ಮೊದಲು ಇದು ಕೆಲಸದ ಜಾಗಕ್ಕೆ ತೋರಿದ ಮರ್ಯಾದೆ ಎಂದುಕೊಂಡಿದ್ದೆ.

"ಸಾಹೇಬ್ರ," ಎಂದಳು ಸಂಕವ್ವ, "ಚಪ್ಪಲಿ ಹೊರಗ ಬಿಟ್ಟು ಬರ್ರಿ. ನೀವು ಪಡುವಲಕ್ಕ ಬೀಳಾಕತ್ತೀರಿ."